ಶಾಲೆಯ ಹೊತ್ತಿನಲ್ಲಿ ಮಗುವಿಗೆ ಔಷಧಿ: ವ್ಯವಸ್ಥೆ ಮಾಡುವುದು ಹೇಗೆ?

ಮನೆಯಲ್ಲಿ ಮಗುವಿಗೆ ಔಷಧಿ ಕೊಡುವಾಗ ಬೇಕಾಗುವ ವಿವರಗಳಲ್ಲಿ ಅರ್ಧದಷ್ಟನ್ನು ಯಾರೂ ಬರೆದಿಟ್ಟಿರುವುದಿಲ್ಲ, ಅದು ಕೈಗೆ ರೂಢಿಯಾಗಿರುತ್ತದೆ. ಯಾವ ಬಾಟಲಿಯನ್ನು ಚೆನ್ನಾಗಿ ಅಲುಗಿಸಬೇಕು, ಯಾವ ಮಾತ್ರೆಯನ್ನು ಅರ್ಧ ಮಾಡಬೇಕು, ಖಾಲಿ ಹೊಟ್ಟೆಯಲ್ಲಿ ಯಾವುದನ್ನು ಕೊಟ್ಟರೆ ವಾಂತಿಯಾಗುತ್ತದೆ ಎಂಬುದೆಲ್ಲ ಅಪ್ಪ ಅಮ್ಮನಿಗೆ ಗೊತ್ತು. ಶಾಲೆಯಲ್ಲಿ ಕೊಡುವವರಿಗೆ ಇದು ಯಾವುದೂ ಗೊತ್ತಿಲ್ಲ. ಊಟದ ಗಂಟೆ ಹೊಡೆದಿರುತ್ತದೆ, ಒಬ್ಬ ಹುಡುಗ ಬಿದ್ದು ಮಂಡಿ ತರಚಿಕೊಂಡು ಬಂದಿರುತ್ತಾನೆ, ಅದೇ ಹೊತ್ತಿಗೆ ನಿಮ್ಮ ಮಗುವಿನ ಔಷಧಿಯ ಸಮಯವೂ ಆಗಿರುತ್ತದೆ.

ಆದ್ದರಿಂದ ವ್ಯವಸ್ಥೆ ಸರಿಯಾಗಿದೆಯೇ ಎಂದು ನೋಡಲು ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ತರಗತಿಯ ಶಿಕ್ಷಕಿ ರಜೆ ಹಾಕಿದ ದಿನ, ನಿಮ್ಮ ಮಗುವಿನ ಮುಖವನ್ನೇ ನೋಡಿರದ ಬದಲಿ ಶಿಕ್ಷಕರೊಬ್ಬರು ಅಲ್ಲಿರುವ ಕಾಗದವನ್ನಷ್ಟೇ ಓದಿ ಸರಿಯಾಗಿ ಔಷಧಿ ಕೊಡಬಲ್ಲರೇ? ಮುಂದೆ ಹೇಳುವುದೆಲ್ಲ ಈ ಪ್ರಶ್ನೆಗೆ ಹೌದು ಎನ್ನುವಂತೆ ಮಾಡುವ ಕೆಲಸ.

ಮೊದಲು: ಆ ಡೋಸ್ ಶಾಲೆಯಲ್ಲೇ ಬೇಕೇ?

ಶಾಲೆಯಲ್ಲಿ ಕೊಡದೆ ತಪ್ಪಿಸಬಹುದಾದ ಡೋಸನ್ನು ತಪ್ಪಿಸುವುದೇ ಕ್ಷೇಮ. ವೈದ್ಯರನ್ನು ಇದನ್ನೇ ನೇರವಾಗಿ ಕೇಳಿ: "ಶಾಲೆಯ ಹೊತ್ತಿನಲ್ಲಿ ಕೊಡಬೇಕಾಗದ ಹಾಗೆ ಬರೆದುಕೊಡಲು ಆಗುತ್ತದೆಯೇ?" ದಿನಕ್ಕೆ ಮೂರು ಬಾರಿ ಎಂದು ಬರೆದ ಎಷ್ಟೋ ಆಂಟಿಬಯೋಟಿಕ್‌ಗಳನ್ನು ಶಾಲೆಗೆ ಹೊರಡುವ ಮುಂಚೆ, ಮನೆಗೆ ಬಂದ ಕೂಡಲೇ, ಮಲಗುವ ಮುಂಚೆ ಎಂದು ಹಂಚಿಕೊಳ್ಳಬಹುದು. ಕೆಲವು ಔಷಧಿಗಳಿಗೆ ದಿನಕ್ಕೆ ಎರಡೇ ಬಾರಿ ಸಾಕಾಗುವ ರೂಪವೂ ಇರುತ್ತದೆ. ಏಕಾಗ್ರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆಗೆ ಇಳಿಯುವುದರಿಂದಲೇ ಮಧ್ಯಾಹ್ನದ ಡೋಸ್ ಬೇಕಾಗುತ್ತದೆ. ಅದರ ನಿಧಾನವಾಗಿ ಬಿಡುಗಡೆಯಾಗುವ ಬಗೆಗಳು 8ರಿಂದ 12 ಗಂಟೆ ಕೆಲಸ ಮಾಡುತ್ತವೆ. ಯಾವುದು ನಿಮ್ಮ ಮಗುವಿಗೆ ಹೊಂದುತ್ತದೆ ಎಂಬುದು ವೈದ್ಯರ ತೀರ್ಮಾನ. ನೀವಾಗಿಯೇ ಹೊತ್ತು ಬದಲಿಸಬೇಡಿ.

ಇನ್ನೊಂದು ಮಾತು. ಯಾವುದೇ ಹೊಸ ಔಷಧಿಯ ಮೊದಲ ಡೋಸ್ ಮನೆಯಲ್ಲೇ ಆಗಬೇಕು. ಮೈಮೇಲೆ ದದ್ದು, ತೂಕಡಿಕೆ, ವಾಂತಿ ಏನಾದರೂ ಕಾಣಿಸಿದರೆ ಅದನ್ನು ಮೊದಲು ಗಮನಿಸುವವರು ಮಗುವನ್ನು ಬಲ್ಲವರಾಗಿರಬೇಕು. ತುರ್ತು ಔಷಧಿಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ವೈದ್ಯರ ಪತ್ರ

ಮಾಮೂಲಿ ಔಷಧಿ ಚೀಟಿಯ ಜೆರಾಕ್ಸ್ ಕೊಟ್ಟರೆ ಸಾಲದು. ಚೀಟಿಯಲ್ಲಿನ "1-1-1" ಅಥವಾ "ಎಸ್‌ಓಎಸ್" ಎಂಬ ಸಂಕೇತಗಳು ಅಂಗಡಿಯವರಿಗೆ ಅರ್ಥವಾಗುತ್ತವೆ, ಗಣಿತದ ಮೇಷ್ಟರಿಗೆ ಅರ್ಥವಾಗಬೇಕೆಂದಿಲ್ಲ. ಶಾಲೆಗೆಂದೇ ಒಂದು ಪತ್ರ ಬರೆಸಿಕೊಳ್ಳಿ. ಶಾಲೆಯೇ ಅಚ್ಚು ಮಾಡಿಸಿದ ನಮೂನೆ ಇದ್ದರೆ ಅದನ್ನೇ ವೈದ್ಯರ ಹತ್ತಿರ ಒಯ್ಯಿರಿ. ಪತ್ರದಲ್ಲಿ ಇರಲೇಬೇಕಾದವು: ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಈಗಿನ ತೂಕ, ಯಾವ ಕಾಯಿಲೆಗೆ, ಔಷಧಿಯ ಮೂಲ ಹೆಸರು ಮತ್ತು ಕಂಪನಿಯ ಹೆಸರು ಎರಡೂ, ಅದರ ಶಕ್ತಿ, ಒಂದು ಬಾರಿಗೆ ಎಷ್ಟು, ಬಾಯಿಗೋ ಮೂಗಿಗೋ ಕಣ್ಣಿಗೋ, ಗಡಿಯಾರದ ಎಷ್ಟು ಗಂಟೆಗೆ, ಊಟದ ಮುಂಚೆಯೋ ನಂತರವೋ, ಯಾವತ್ತಿನಿಂದ ಯಾವತ್ತಿನವರೆಗೆ, ಯಾವ ಲಕ್ಷಣ ಕಂಡರೆ ಕೊಡಬಾರದು, ಡೋಸ್ ತಪ್ಪಿದರೆ ಏನು ಮಾಡಬೇಕು.

ಪ್ರಮಾಣವನ್ನು ಬರೆಯುವ ರೀತಿಯಲ್ಲಿ ಅತಿ ಹೆಚ್ಚು ಎಡವಟ್ಟಾಗುತ್ತದೆ. "5 ಮಿ.ಲೀ. ಕೊಡಿ" ಎಂದಷ್ಟೇ ಬರೆದರೆ ಅಪಾಯ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಇದೆ, 250 ಮಿ.ಗ್ರಾಂ ಇರುವುದೂ ಇದೆ. ಎಳೆಗೂಸುಗಳ ಹನಿಗಳಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಬಾಟಲಿ ಬದಲಾದರೆ ಅದೇ 5 ಮಿ.ಲೀ. ದುಪ್ಪಟ್ಟೋ ನಾಲ್ಕು ಪಟ್ಟೋ ಆಗಿಬಿಡುತ್ತದೆ. ಹಾಗಾಗಿ ಮಿ.ಗ್ರಾಂ, ಮಿ.ಲೀ., ಬಾಟಲಿಯ ಶಕ್ತಿ ಮೂರನ್ನೂ ಒಟ್ಟಿಗೆ ಬರೆಸಿ. ದಶಮಾಂಶದ ಚುಕ್ಕೆಯ ಮೇಲೂ ಕಣ್ಣಿರಲಿ. ಅರ್ಧ ಎನ್ನುವುದಕ್ಕೆ "0.5" ಎಂದಿರಬೇಕು, ಮುಂದಿನ ಸೊನ್ನೆ ಬಿಟ್ಟು ಚುಕ್ಕೆಯನ್ನು ಮಾತ್ರ ಇಟ್ಟರೆ ಅದು 5 ಎಂದು ಕಾಣುತ್ತದೆ. ಐದು ಎನ್ನುವುದಕ್ಕೆ "5" ಸಾಕು, "5.0" ಎಂದರೆ ಅವಸರದ ಕಣ್ಣಿಗೆ 50.

"ಅಗತ್ಯವಿದ್ದಾಗ ಕೊಡಿ" ಎಂಬ ಮಾತನ್ನು ಯಾವ ಪತ್ರದಲ್ಲೂ ಒಪ್ಪಿಕೊಳ್ಳಬೇಡಿ. ಅಗತ್ಯ ಎಂದರೇನು? ಎಷ್ಟು ಜ್ವರ, ಎಂಥ ಕೆಮ್ಮು, ಎಷ್ಟು ಹೊತ್ತಿನ ತಲೆನೋವು? ಒಂದು ಡೋಸಿನ ನಂತರ ಕಡಿಮೆಯೆಂದರೆ ಎಷ್ಟು ಗಂಟೆ ಬಿಡಬೇಕು, ದಿನಕ್ಕೆ ಎಷ್ಟು ಮೀರಬಾರದು? ಸರಿಯಾಗಿ ಬರೆದ ಸಾಲು ಹೀಗಿರುತ್ತದೆ:

"ಮೈ ಬಿಸಿ 38.5 ಡಿಗ್ರಿ ಸೆಲ್ಸಿಯಸ್ ದಾಟಿ, ಮಗು ಸೊರಗಿದ್ದರೆ ಪ್ಯಾರಾಸಿಟಮಾಲ್ 240 ಮಿ.ಗ್ರಾಂ, ಅಂದರೆ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್‌ನಲ್ಲಿ 10 ಮಿ.ಲೀ., ಬಾಯಿಗೆ. ಶಾಲೆಯಲ್ಲಿ ಒಂದು ಬಾರಿ ಮಾತ್ರ. ಕೊಡುವ ಮುಂಚೆ ಮನೆಗೆ ಫೋನ್ ಮಾಡಿ ಬೆಳಿಗ್ಗೆ ಎಷ್ಟು ಗಂಟೆಗೆ ಕೊಟ್ಟಿದ್ದರೆಂದು ಕೇಳಬೇಕು. 4 ಗಂಟೆ ಆಗಿರದಿದ್ದರೆ ಕೊಡಬಾರದು."

ಇದು ಬರೆಯುವ ರೀತಿಗೆ ಮಾದರಿ ಮಾತ್ರ. ನಿಮ್ಮ ಮಗುವಿನ ಅಂಕಿಗಳನ್ನು ತೂಕ ನೋಡಿ ವೈದ್ಯರೇ ಬರೆಯಬೇಕು. ಫೋನ್ ಮಾಡಿ ಕೇಳಬೇಕೆಂಬ ಸಾಲನ್ನು ಮಾತ್ರ ಬಿಡಬೇಡಿ. ಪ್ಯಾರಾಸಿಟಮಾಲ್ ಎಷ್ಟೋ ನೆಗಡಿ ಸಿರಪ್‌ಗಳ ಒಳಗೂ ಸೇರಿರುತ್ತದೆ. ಬೆಳಿಗ್ಗೆ ಮನೆಯಲ್ಲಿ ನೆಗಡಿ ಸಿರಪ್, ಹತ್ತು ಗಂಟೆಗೆ ಶಾಲೆಯಲ್ಲಿ ಜ್ವರದ ಸಿರಪ್ ಎಂದರೆ ಒಂದೇ ಔಷಧಿ ಎರಡು ಸಲ ಹೊಟ್ಟೆ ಸೇರಿದಂತೆ.

ನಿಮ್ಮ ಒಪ್ಪಿಗೆ, ಶಾಲೆಯ ಜೊತೆ ಮಾತು

ವೈದ್ಯರ ಪತ್ರದ ಜೊತೆ ತಂದೆ ತಾಯಿಯ ಸಹಿಯಿರುವ ಒಪ್ಪಿಗೆ ಪತ್ರ ಬೇಕು. ಅದರಲ್ಲಿ ಕನಿಷ್ಠ ಮೂರು ಫೋನ್ ನಂಬರ್‌ಗಳಿರಲಿ, ಮೂರನೆಯದು ಹಗಲಿನಲ್ಲಿ ಖಂಡಿತ ಫೋನ್ ಎತ್ತುವವರದ್ದಾಗಿರಲಿ. ಔಷಧಿ ಅಲರ್ಜಿ ಇದ್ದರೆ ಕೆಂಪು ಶಾಯಿಯಲ್ಲಿ ಮೇಲೆಯೇ ಬರೆಯಿರಿ. ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆ. ಶಾಲೆ ಒಪ್ಪಲೇಬೇಕು ಎಂದು ಮೊದಲೇ ಊಹಿಸಿಕೊಂಡು ಹೋಗದೆ, ಅವರ ಲಿಖಿತ ನಿಯಮ ಏನಿದೆ ಎಂದು ಕೇಳಿ ಓದಿಕೊಳ್ಳಿ.

ಆಮೇಲೆ ಮುಖ್ಯ ಶಿಕ್ಷಕರ ಜೊತೆ ಹದಿನೈದು ನಿಮಿಷ ಕೂತು ಮಾತಾಡಿ. ಬೆಳಗಿನ ಗೇಟಿನ ಬಳಿ ನಿಂತು ಆಡುವ ಮಾತಲ್ಲ ಇದು. ಔಷಧಿ ಯಾರು ಕೊಡುತ್ತಾರೆ, ಅವರಿಲ್ಲದಾಗ ಯಾರು, ಎಲ್ಲಿ ಇಡುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಹೆಸರು ಸಮೇತ ತಿಳಿದುಕೊಳ್ಳಿ. ಎಲ್ಲಕ್ಕಿಂತ ಹೆಚ್ಚಾಗಿ ಇದನ್ನು ಕೇಳಿ: ಹೊತ್ತಾದಾಗ ಮಗು ತಾನೇ ನೆನಪಿಟ್ಟುಕೊಂಡು ಆಫೀಸಿಗೆ ಹೋಗಬೇಕೋ, ಅಥವಾ ದೊಡ್ಡವರು ಬಂದು ಕರೆಯುತ್ತಾರೋ? ಶಾಲೆಯಲ್ಲಿ ಡೋಸ್ ತಪ್ಪುವ ಮಾಮೂಲಿ ಕಾರಣ ಇದೇ. ಎಂಟು ವರ್ಷದ ಮಗು ಆಟದ ನಡುವೆ ಮಾತ್ರೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ, ಅದರಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಊಟದ ಗಂಟೆ, ಒಂದು ನಿರ್ದಿಷ್ಟ ಪೀರಿಯಡ್‌ನ ಕೊನೆ, ಹೀಗೆ ಹೇಗೂ ನಡೆಯುವ ಸಂಗತಿಗೆ ಔಷಧಿಯ ಹೊತ್ತನ್ನು ಕಟ್ಟಿಹಾಕಿದರೆ ಮರೆವು ಕಡಿಮೆ. ಹೆಚ್ಚಿನ ಔಷಧಿಗಳಿಗೆ ಅರ್ಧ ಗಂಟೆ ಹಿಂದೆ ಮುಂದೆ ಆದರೆ ತೊಂದರೆಯಿಲ್ಲ. ನಿಮ್ಮದಕ್ಕೆ ಎಷ್ಟು ಸಡಿಲ ಇದೆ ಎಂಬುದನ್ನೂ ಪತ್ರದಲ್ಲೇ ಬರೆಸಿ.

ಯಾರಿಗೆ ತಿಳಿಸಬೇಕು ಎಂಬುದನ್ನೂ ಆ ದಿನವೇ ತೀರ್ಮಾನಿಸಿ. ಅಲರ್ಜಿ, ಫಿಟ್ಸ್, ಸಕ್ಕರೆ ಕಾಯಿಲೆಗಳಾದರೆ ಆಟದ ಮೇಷ್ಟರು, ವಾಹನದಲ್ಲಿ ಜೊತೆಗಿರುವವರು, ಊಟ ಬಡಿಸುವವರು ಎಲ್ಲರಿಗೂ ಗೊತ್ತಿರಬೇಕು. ಮನಸ್ಸಿಗೆ ಅಥವಾ ಏಕಾಗ್ರತೆಗೆ ಕೊಡುವ ಔಷಧಿಯಾದರೆ ಇಬ್ಬರು ಮೂವರಿಗೆ ತಿಳಿದಿದ್ದರೆ ಸಾಕು. ಮಗುವನ್ನು ತರಗತಿಯ ಮುಂದೆ "ಬಾ, ಮಾತ್ರೆ ತಗೋ" ಎಂದು ಕೂಗಿ ಕರೆಯಬಾರದೆಂದು ಸ್ಪಷ್ಟವಾಗಿಯೇ ಕೇಳಿಕೊಳ್ಳಿ. ಗೆಳೆಯರು ಚುಡಾಯಿಸಿದ ಮೇಲೆ ಮಗು ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಹೊರಗೆ ಉಗುಳಿಬಿಡುತ್ತದೆ.

ಔಷಧಿಯನ್ನು ಒಪ್ಪಿಸುವುದು

ಔಷಧಿ ಮಗುವಿನ ಬ್ಯಾಗಿನಲ್ಲಿ ಹೋಗಬಾರದು. ದೊಡ್ಡವರ ಕೈಯಿಂದ ದೊಡ್ಡವರ ಕೈಗೆ ಹೋಗಬೇಕು. ಕಾಗದದಲ್ಲಿ ಸುತ್ತಿದ ಎರಡು ಮಾತ್ರೆ, ಹಳೆಯ ಡಬ್ಬಿಗೆ ಸುರಿದ ಸಿರಪ್ ಇಂಥವನ್ನು ಶಾಲೆ ನಿರಾಕರಿಸಿದರೆ ಅವರು ಸರಿಯಾದದ್ದನ್ನೇ ಮಾಡಿದ್ದಾರೆ, ಏಕೆಂದರೆ ಅದರೊಳಗೆ ಏನಿದೆ ಎಂದು ನೋಡಿ ಹೇಳುವ ದಾರಿಯಿಲ್ಲ. ಅಂಗಡಿಯಿಂದ ಬಂದ ಮೂಲ ಪೊಟ್ಟಣ ಅಥವಾ ಬಾಟಲಿ, ಅದರ ಮೇಲೆ ಮಗುವಿನ ಹೆಸರು ಮತ್ತು ಪ್ರಮಾಣದ ಚೀಟಿ, ಇದು ಬೇಕು. ಕೊಳ್ಳುವಾಗಲೇ ಮನೆಗೊಂದು, ಶಾಲೆಗೊಂದು ಬೇರೆ ಬೇರೆಯಾಗಿ ಕೊಡಿ ಎಂದು ಅಂಗಡಿಯವರಿಗೆ ಹೇಳಿದರೆ ದಿನವೂ ಒಂದೇ ಬಾಟಲಿಯನ್ನು ಅತ್ತ ಇತ್ತ ಒಯ್ಯುವ ಪಾಡಿಲ್ಲ.

ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕಳಿಸಬೇಡಿ. ಹೆಸರು, ಶಕ್ತಿ, ಅವಧಿ ಮುಗಿಯುವ ದಿನಾಂಕ ಎಷ್ಟೋ ಪಟ್ಟಿಗಳಲ್ಲಿ ಒಂದೇ ತುದಿಯಲ್ಲಿ ಅಚ್ಚಾಗಿರುತ್ತವೆ. ಕತ್ತರಿಸಿದ ಮೇಲೆ ಉಳಿಯುವುದು ಹೆಸರಿಲ್ಲದ ಬಿಳಿ ಮಾತ್ರೆ.

ಅರ್ಧ ಮಾತ್ರೆ ಬೇಕಾದರೆ ಶಾಲೆಯವರ ಕೈಗೆ ಚಾಕು ಕೊಡಬೇಡಿ. ನಡುವೆ ಗೆರೆಯಿರುವ ಮಾತ್ರೆಯನ್ನು ಮಾತ್ರ ಮುರಿಯಬಹುದು. ಅದನ್ನೂ ಔಷಧ ಅಂಗಡಿಯಲ್ಲಿ ಮಾಡಿಸಿ, ಹೆಸರಿನ ಚೀಟಿ ಅಂಟಿಸಿ ಕೊಡಿಸಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಸುಮ್ಮನೆ ಪುಡಿ ಮಾಡಿದರೆ ಅಥವಾ ಅಗಿದರೆ ಇಡೀ ದಿನದ ಪ್ರಮಾಣ ಒಮ್ಮೆಗೇ ಮೈ ಸೇರಬಹುದು. ಮಗುವಿಗೆ ನುಂಗಲು ಬರದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ ಬೇರೆ ರೂಪ ಬರೆಸಿಕೊಳ್ಳಿ.

ಸಿರಪ್ ಜೊತೆ ಮಿ.ಲೀ. ಗುರುತಿರುವ, ಸೂಜಿಯಿಲ್ಲದ ಬಾಯಿಯ ಸಿರಿಂಜ್ ಕೊಡಿ. ಕೊಡಬೇಕಾದ ಗೆರೆಗೆ ಬಣ್ಣದ ಟೇಪ್ ಸುತ್ತಿದರೆ ಇನ್ನೂ ಒಳ್ಳೆಯದು. ಅಡುಗೆಮನೆಯ ಚಮಚಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಐದು ಮಿ.ಲೀ. ಎಂದುಕೊಂಡದ್ದು ಮೂರೂ ಆಗಬಹುದು, ಏಳೂ ಆಗಬಹುದು.

ಒಪ್ಪಿಸುವಾಗ ಮಾತ್ರೆಗಳನ್ನು ಇಬ್ಬರೂ ಎಣಿಸಿ, ಸಂಖ್ಯೆ ಬರೆದು, ಇಬ್ಬರೂ ಸಹಿ ಹಾಕಿ. ಮೀಥೈಲ್‌ಫೆನಿಡೇಟ್‌ನಂಥ ನಿಯಂತ್ರಿತ ಔಷಧಿಗೆ ಇದನ್ನು ಬಿಡುವಂತೆಯೇ ಇಲ್ಲ. ವಾರಕ್ಕೊಮ್ಮೆ ಉಳಿದದ್ದನ್ನು ಎಣಿಸಿ ದಾಖಲೆಯ ಜೊತೆ ತಾಳೆ ನೋಡಿದರೆ ತಪ್ಪಿದ ಡೋಸ್, ಎರಡು ಸಲ ಕೊಟ್ಟ ಡೋಸ್ ಎರಡೂ ಬೆಳಕಿಗೆ ಬರುತ್ತವೆ.

ಎಲ್ಲಿ ಇಡಬೇಕು

ದಿನವೂ ಕೊಡುವ ಔಷಧಿ ಬೀಗ ಹಾಕಿದ ಬೀರುವಿನಲ್ಲಿ ಇರಲಿ. ತುರ್ತು ಔಷಧಿಗೆ ಬೀಗ ಬೇಡವೇ ಬೇಡ. ಮಗುವಿಗೆ ಉಸಿರು ಕಟ್ಟುತ್ತಿರುವಾಗ ಬೀಗದ ಕೈ ಇರುವವರು ಮೀಟಿಂಗಿನಲ್ಲಿ ಕೂತಿರುತ್ತಾರೆ. ಇನ್‌ಹೇಲರ್, ತೀವ್ರ ಅಲರ್ಜಿಗೆ ಪೆನ್ನಿನಂಥ ಸಾಧನದಿಂದ ಚುಚ್ಚುವ ಅಡ್ರಿನಲಿನ್, ಫಿಟ್ಸ್‌ನ ಔಷಧಿ, ಗ್ಲೂಕೋಸ್ ಇವೆಲ್ಲ ಚಿಕ್ಕ ಮಕ್ಕಳ ಕೈಗೆಟುಕದ, ದೊಡ್ಡವರಿಗೆಲ್ಲ ಗೊತ್ತಿರುವ, ತೆರೆದ ಜಾಗದಲ್ಲಿರಬೇಕು. ಪ್ರತಿ ಮಗುವಿಗೆ ಒಂದು ಪಾರದರ್ಶಕ ಚೀಲ, ಮೇಲೆ ಮಗುವಿನ ಫೋಟೋ ಮತ್ತು ಹೆಸರು, ಒಳಗೆ ಔಷಧಿ ಮತ್ತು ಒಂದು ಪುಟದ ಸೂಚನೆ ಎಂಬ ಪದ್ಧತಿ ಚೆನ್ನಾಗಿ ನಡೆಯುತ್ತದೆ.

ಪುಡಿಗೆ ನೀರು ಬೆರೆಸಿ ಮಾಡುವ ಆಂಟಿಬಯೋಟಿಕ್ ಸಿರಪ್‌ಗಳಲ್ಲಿ ಕೆಲವಕ್ಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್ ಬೇಕು. ಬೆರೆಸಿದ ಮೇಲೆ ಅವುಗಳ ಆಯಸ್ಸು ಸಾಮಾನ್ಯವಾಗಿ 7ರಿಂದ 14 ದಿನ, ಬಾಟಲಿಯ ಮೇಲೆ ಎಷ್ಟಿದೆಯೋ ಅಷ್ಟೇ. ಬೆರೆಸಿದ ದಿನಾಂಕವನ್ನು ಪೆನ್ನಿನಲ್ಲಿ ಬರೆಯಿರಿ. ಶಾಲೆಯ ಫ್ರಿಜ್‌ನಲ್ಲಿ ತಿಂಡಿ ಪದಾರ್ಥಗಳೂ ಇರುವುದರಿಂದ ಔಷಧಿಯನ್ನು ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯಲ್ಲಿ ಇಡಿಸಿ, ಫ್ರೀಜರ್‌ನ ಗೋಡೆಗೆ ತಾಗದಂತೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಕೆಲಸಕ್ಕೆ ಬಾರದು, ಎಸೆಯಬೇಕು. ಬಳಸಲು ತೆರೆದ ಇನ್ಸುಲಿನ್ ಪೆನ್ ಬಿಸಿಲು ತಾಗದ ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ 4 ವಾರ ಬರುತ್ತದೆ. ಅಡ್ರಿನಲಿನ್ ಪೆನ್ ಮಾತ್ರ ಫ್ರಿಜ್‌ಗೆ ಹೋಗಬಾರದು, ಬಿಸಿಲಿಗೂ ಇಡಬಾರದು. ತಿಂಗಳಿಗೊಮ್ಮೆ ಅದರ ಕಿಟಕಿಯಲ್ಲಿ ಇಣುಕಿ ನೋಡಿ, ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಕಸರು ಕಂಡರೆ ಬದಲಿಸಬೇಕು.

ಕೊಡುವ ಕ್ಷಣ: ಶಾಲೆಯವರಿಗೆ

ಒಂದು ಹೊತ್ತಿಗೆ ಒಂದೇ ಮಗು, ಒಂದೇ ಔಷಧಿ ಮೇಜಿನ ಮೇಲಿರಲಿ. ಕೈ ತೊಳೆದುಕೊಳ್ಳಿ. "ನೀನು ಇಂಥವನಲ್ಲವೇ?" ಎಂದು ಕೇಳಬೇಡಿ, ಮಕ್ಕಳು ತಲೆಯಾಡಿಸಿಬಿಡುತ್ತಾರೆ. "ನಿನ್ನ ಪೂರ್ತಿ ಹೆಸರೇನು?" ಎಂದು ಕೇಳಿ, ಹಾಳೆಯ ಮೇಲಿನ ಫೋಟೋ ನೋಡಿ. ಒಂದೇ ಹೆಸರಿನ ಇಬ್ಬರು ಮಕ್ಕಳಿರುವ ಶಾಲೆಯಲ್ಲಿ ಫೋಟೋ ಇಲ್ಲದೆ ಔಷಧಿ ಕೊಡುವುದು ಸಲ್ಲದು.

ಚೀಟಿಯನ್ನು ಮೂರು ಸಲ ಓದಿ: ಬೀರುವಿನಿಂದ ತೆಗೆಯುವಾಗ, ಅಳೆಯುವಾಗ, ವಾಪಸ್ ಇಡುವಾಗ. ಪ್ರತಿ ಸಲವೂ ಮಗು, ಔಷಧಿ, ಪ್ರಮಾಣ, ಕೊಡುವ ದಾರಿ, ಹೊತ್ತು ಈ ಐದನ್ನು ಪತ್ರದ ಜೊತೆ ಹೋಲಿಸಿ. ಆಮೇಲೆ ಇಂದಿನ ದಾಖಲೆ ನೋಡಿ, ಈಗಾಗಲೇ ಬೇರೆಯವರು ಕೊಟ್ಟಿಲ್ಲ ತಾನೇ? ಸಿರಪ್ ಆದರೆ ಚೆನ್ನಾಗಿ ಅಲುಗಿಸಿ. ತಳದಲ್ಲಿ ಕೂತ ಔಷಧಿಯನ್ನು ಕಲಕದೆ ಕೊಟ್ಟರೆ ಮೊದಲ ವಾರ ನೀರು, ಕೊನೆಯ ವಾರ ಗಟ್ಟಿ ಔಷಧಿ ಕೊಟ್ಟಂತಾಗುತ್ತದೆ. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯಿರಿ. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ, ಗಂಟಲಿಗೆ ನೇರ ಹೊಡೆದರೆ ಮಗು ಉಸಿರುಗಟ್ಟಿ ಕೆಮ್ಮುತ್ತದೆ. ಮಾತ್ರೆಯನ್ನು ಕೈಯಲ್ಲಿ ಮುಟ್ಟದೆ ಮುಚ್ಚಳಕ್ಕೆ ಹಾಕಿ ಕೊಡಿ, ನೀರು ಕುಡಿಸಿ, ನುಂಗುವವರೆಗೆ ಎದುರಿಗೇ ಇರಿ.

ಕೊಟ್ಟ ಮರುಕ್ಷಣ ಬರೆಯಿರಿ. ಮುಂಚೆಯೇ ಬರೆದಿಡುವುದು, ಸಂಜೆ ನೆನಪಿನಿಂದ ತುಂಬಿಸುವುದು ಎರಡೂ ತಪ್ಪಿಗೆ ದಾರಿ. ಸಾಲು ಚಿಕ್ಕದಾದರೂ ಪೂರ್ತಿಯಾಗಿರಲಿ: ದಿನಾಂಕ, ಗಂಟೆ ನಿಮಿಷ, ಔಷಧಿ, ಪ್ರಮಾಣ, ಕೊಟ್ಟವರ ಸಹಿ. ಕೊಡದಿದ್ದರೂ ಕಾರಣ ಬರೆಯಬೇಕು: "ಗೈರುಹಾಜರಿ", "ಬೇಡವೆಂದಿತು", "ವಾಂತಿ ಮಾಡಿತು, 12.50ಕ್ಕೆ ತಾಯಿಗೆ ಫೋನ್ ಮಾಡಲಾಯಿತು". ಖಾಲಿ ಬಿಟ್ಟ ಜಾಗದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಎಡವಟ್ಟಾದಾಗ

ಮಗು ಬೇಡವೆಂದರೆ ಬಲವಂತ ಮಾಡಬಾರದು, ತಂದೆ ತಾಯಿಗೆ ಹೇಳದೆ ತಿಂಡಿಯಲ್ಲಿ ಬಚ್ಚಿಟ್ಟೂ ಕೊಡಬಾರದು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕೇಳಿ, ಆಗಲೂ ಆಗದಿದ್ದರೆ ಮನೆಗೆ ತಿಳಿಸಿ. ವಾಂತಿಯಾದರೆ ಮತ್ತೊಂದು ಡೋಸನ್ನು ತಾವಾಗಿಯೇ ಕೊಡಬಾರದು. ಎಷ್ಟು ಮೈಗೆ ಸೇರಿದೆ, ಎಷ್ಟು ಹೊರಬಂದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕೊಟ್ಟು ಎಷ್ಟು ನಿಮಿಷಕ್ಕೆ ವಾಂತಿಯಾಯಿತು ಎಂಬುದನ್ನು ತಿಳಿಸಿದರೆ ವೈದ್ಯರು ತೀರ್ಮಾನಿಸುತ್ತಾರೆ. ತಪ್ಪಿಹೋದ ಡೋಸನ್ನು ಮುಂದಿನದರ ಜೊತೆ ಸೇರಿಸಿ ಕೊಡುವುದು ಎಂದಿಗೂ ಬೇಡ.

ತಪ್ಪು ಮಗುವಿಗೆ ಕೊಟ್ಟರೆ, ಎರಡು ಸಲ ಕೊಟ್ಟರೆ, ಪ್ರಮಾಣ ಹೆಚ್ಚಾದರೆ ಮಗುವನ್ನು ದೊಡ್ಡವರ ಕಣ್ಣೆದುರು ಕೂರಿಸಿ. ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ವೈದ್ಯರಿಗೆ ಅಥವಾ ವಿಷ ಮಾಹಿತಿ ಕೇಂದ್ರಕ್ಕೆ, ಒಡನೆಯೇ ತಂದೆ ತಾಯಿಗೆ ಫೋನ್ ಮಾಡಿ. ಮಗು ಮಂಕಾದರೆ, ಉಸಿರಾಟ ಬದಲಾದರೆ ಮೊದಲು ಆಂಬುಲೆನ್ಸ್. ತಪ್ಪನ್ನು ಮುಚ್ಚಿಟ್ಟ ಪ್ರತಿ ನಿಮಿಷವೂ ಮಗುವಿಗೇ ಹೊರೆ. ಹಾಗಾಗಿ ತಂದೆ ತಾಯಿಗಳಲ್ಲಿ ನಮ್ಮದೊಂದು ಕೋರಿಕೆ. ಶಿಕ್ಷಕರು ಫೋನ್ ಮಾಡಿ ತಪ್ಪಾಗಿದೆ ಎಂದಾಗ ಆ ಕ್ಷಣ ಕೂಗಾಡಬೇಡಿ. ಕೂಗಾಡಿದರೆ ಮುಂದಿನ ಸಲ ಆ ಫೋನ್ ಬರದೇ ಇರಬಹುದು.

ಪತ್ರವಿಲ್ಲದ ಔಷಧಿಯ ವಿಷಯ. ತಲೆನೋವು ಎಂದ ಮಗುವಿಗೆ ಶಿಕ್ಷಕರು ತಮ್ಮ ಚೀಲದ ಮಾತ್ರೆ ಕೊಡುವುದು ಕಾಳಜಿಯಿಂದಲೇ. ಆದರೆ ಅದು ಆಸ್ಪಿರಿನ್ ಆಗಿದ್ದರೆ? ವೈದ್ಯರು ಹೇಳದ ಹೊರತು 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬಾರದು. ವೈರಸ್ ಜ್ವರದ ನಂತರ ಯಕೃತ್ತು ಮತ್ತು ಮೆದುಳಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್ ಎಂಬ ಅಪರೂಪದ, ಪ್ರಾಣಕ್ಕೆ ಎರವಾಗುವ ಕಾಯಿಲೆಗೂ ಅದಕ್ಕೂ ಸಂಬಂಧವಿದೆ.

ತುರ್ತು ಔಷಧಿಗಳು

ಇಲ್ಲಿ ನಿಮಿಷಗಳ ಲೆಕ್ಕ. ಸೂಚನೆ ಒಂದೇ ಪುಟದಲ್ಲಿರಲಿ, ದೊಡ್ಡ ಅಕ್ಷರದಲ್ಲಿ, "ಏನು ಕಾಣಿಸುತ್ತದೆ – ಏನು ಮಾಡಬೇಕು" ಎಂಬ ಕ್ರಮದಲ್ಲಿ. ಕನಿಷ್ಠ ಇಬ್ಬರು ಸಿಬ್ಬಂದಿ ವೈದ್ಯರಿಂದ ಅಥವಾ ದಾದಿಯಿಂದ ಕಲಿತಿರಬೇಕು. ಔಷಧಿಯಿಲ್ಲದ ಅಭ್ಯಾಸದ ಪೆನ್‌ಗಳು ಸಿಗುತ್ತವೆ, ವರ್ಷಕ್ಕೊಮ್ಮೆಯಾದರೂ ಕೈಯಲ್ಲಿ ಹಿಡಿದು ಮಾಡಿ ನೋಡಬೇಕು.

ಅಸ್ತಮಾಕ್ಕೆ ಶಾಲೆಯಲ್ಲಿ ಬೇಕಾದದ್ದು ಕೂಡಲೇ ಉಸಿರು ಬಿಡಿಸುವ ಇನ್‌ಹೇಲರ್, ಹೆಚ್ಚಾಗಿ ಸಾಲ್ಬುಟಮಾಲ್. ಸ್ಟೆರಾಯ್ಡ್ ಮಾತ್ರ ಇರುವ ದಿನನಿತ್ಯದ ಇನ್‌ಹೇಲರ್ ದಮ್ಮು ಏರಿದಾಗ ಉಪಯೋಗಕ್ಕೆ ಬರುವುದಿಲ್ಲ. ಎರಡಕ್ಕೂ ಬೇರೆ ಬಣ್ಣದ ಟೇಪ್ ಹಚ್ಚಿ. ಇನ್‌ಹೇಲರ್‌ನ ಬಾಯಿಗೆ ಜೋಡಿಸುವ ಟೊಳ್ಳು ಕೊಳವೆ, ಅಂದರೆ ಸ್ಪೇಸರ್ ಜೊತೆಯಲ್ಲೇ ಇರಲಿ, ಇಲ್ಲದಿದ್ದರೆ ಔಷಧಿಯ ಬಹುಪಾಲು ನಾಲಿಗೆ ಗಂಟಲಿಗೆ ಅಂಟಿ ವ್ಯರ್ಥವಾಗುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿ, ಇನ್‌ಹೇಲರ್ ಅಲುಗಿಸಿ, ಸ್ಪೇಸರ್‌ಗೆ ಒಂದು ಪಫ್ ಮಾತ್ರ ಒತ್ತಿ, 4ರಿಂದ 6 ಉಸಿರು ಎಳೆದುಕೊಳ್ಳಲು ಬಿಡಿ. ಮತ್ತೆ ಅಲುಗಿಸಿ ಮುಂದಿನದು. ಎರಡು ಪಫ್ ಒಟ್ಟಿಗೆ ಒತ್ತಿದರೆ ಎರಡರ ಫಲ ಸಿಗುವುದಿಲ್ಲ. ಎಷ್ಟು ಪಫ್, ಎಷ್ಟು ನಿಮಿಷ ಕಾದು ಮತ್ತೆ ಎಂಬುದು ವೈದ್ಯರ ಹಾಳೆಯಲ್ಲಿದ್ದಂತೆ. ಮಾತು ಪೂರ್ತಿ ಮಾಡಲಾಗದಿದ್ದರೆ, ತುಟಿ ನೀಲಿಯಾದರೆ, ಪಫ್ ಕೊಟ್ಟರೂ ಇಳಿಯದಿದ್ದರೆ ಆಂಬುಲೆನ್ಸ್ ಕರೆಸಿ, ಅದು ಬರುವವರೆಗೆ ಪಫ್ ನಿಲ್ಲಿಸಬೇಡಿ. ಇನ್‌ಹೇಲರ್ ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪರೀಕ್ಷೆ ಸುಳ್ಳು ಹೇಳುತ್ತದೆ. ಎಣಿಕೆಯ ಗುರುತಿರುವುದನ್ನು ಕೊಳ್ಳಿ, ಇಲ್ಲದಿದ್ದರೆ ಬಳಸಿದ ಪಫ್‌ಗಳನ್ನು ಬರೆದಿಡಿ. ಸ್ಪೇಸರ್ ಅನ್ನು ಸೋಪಿನ ನೀರಿನಲ್ಲಿ ತೊಳೆದು ತಾನಾಗಿ ಆರಲು ಬಿಡಬೇಕು. ಬಟ್ಟೆಯಿಂದ ಒರೆಸಿದರೆ ಒಳಗೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ.

ತೀವ್ರ ಅಲರ್ಜಿಯಲ್ಲಿ ತಡ ಮಾಡುವುದೇ ದೊಡ್ಡ ತಪ್ಪು. ಧ್ವನಿ ಒಡೆಯುವುದು, ಬಿಡದ ಕೆಮ್ಮು, ನುಂಗಲು ಕಷ್ಟ, ಉಸಿರಿನ ತೊಂದರೆ, ಬಿಳಿಚಿಕೊಂಡು ಕುಸಿಯುವುದು ಇವುಗಳಲ್ಲಿ ಒಂದು ಕಂಡರೂ ಅಡ್ರಿನಲಿನ್ ಕೊಡಬೇಕು. ಮೈಮೇಲೆ ದದ್ದು ಏಳದೆಯೂ ಇದು ಬರಬಹುದು. ಮೊದಲು ಅಲರ್ಜಿ ಮಾತ್ರೆ ಕೊಟ್ಟು ನೋಡೋಣ ಎಂದು ಕಾಯುವುದು ಅಪಾಯ, ಆ ಮಾತ್ರೆ ತುರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಉಸಿರಿನ ದಾರಿಯನ್ನು ತೆರೆಯುವುದಿಲ್ಲ. ಪೆನ್ ಅನ್ನು ತೊಡೆಯ ಹೊರಬದಿಯ ನಡುಭಾಗಕ್ಕೆ ಒತ್ತಿ, ಬಟ್ಟೆಯ ಮೇಲಿಂದಲೂ ಆಗುತ್ತದೆ. ಪೆನ್ನಿನ ಮೇಲೆ ಬರೆದಷ್ಟು ಸೆಕೆಂಡ್ ಹಿಡಿಯಿರಿ, ಚಿಕ್ಕ ಮಗುವಾದರೆ ಕಾಲನ್ನು ಅಲ್ಲಾಡದಂತೆ ಹಿಡಿದುಕೊಳ್ಳಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಕಷ್ಟವಿದ್ದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ, ಏಕಾಏಕಿ ನಿಂತಾಗ ಹೃದಯಕ್ಕೆ ರಕ್ತ ಮರಳದೆ ಪ್ರಾಣ ಹೋಗಬಹುದು. ಆಂಬುಲೆನ್ಸ್ ಕರೆಸಿ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪೆನ್, ಆದ್ದರಿಂದ ಶಾಲೆಯಲ್ಲಿ ಎರಡು ಇರಲೇಬೇಕು. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಬೇಕು, ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು.

ಫಿಟ್ಸ್ ಶುರುವಾದ ಕೂಡಲೇ ಒಬ್ಬರು ಗಡಿಯಾರ ನೋಡಬೇಕು. ಗಾಬರಿಯಲ್ಲಿ ಒಂದು ನಿಮಿಷ ಐದರಂತೆ ಅನಿಸುತ್ತದೆ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದು ಇಟ್ಟು, ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಸಾಮಾನ್ಯವಾಗಿ 5 ನಿಮಿಷ ದಾಟಿದರೆ ಮಿಡಜೋಲಾಮ್ ಅನ್ನು ಮೂಗಿಗೆ ಸ್ಪ್ರೇ ಮಾಡಲು ಅಥವಾ ಕೆನ್ನೆ ಮತ್ತು ಒಸಡಿನ ನಡುವೆ ಹಾಕಲು ಬರೆದಿರುತ್ತಾರೆ. ಮಗುವಿನ ಹಾಳೆಯಲ್ಲಿರುವ ನಿಮಿಷ, ಪ್ರಮಾಣವನ್ನೇ ಪಾಲಿಸಿ. ಕೊಟ್ಟ ಮೇಲೆ ಉಸಿರಾಟವನ್ನು ಗಮನಿಸುತ್ತಿರಿ.

ಇನ್ಸುಲಿನ್ ತೆಗೆದುಕೊಳ್ಳುವ ಮಗು ಬೆವರಿ, ನಡುಗಿ, ಸುಮ್ಮನೆ ಸಿಡುಕಿದರೆ ಅಥವಾ ಮಂಕಾದರೆ ಸಕ್ಕರೆ ಇಳಿದಿರಬಹುದು. ಅದನ್ನು ತುಂಟತನ ಎಂದು ಗದರಿಸುವುದು ಶಾಲೆಗಳಲ್ಲಿ ಆಗುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ 70 ಮಿ.ಗ್ರಾಂ/ಡೆ.ಲೀ.ಗಿಂತ ಕಡಿಮೆ ಬಂದರೆ ಬೇಗ ರಕ್ತ ಸೇರುವ ಸಕ್ಕರೆ 15 ಗ್ರಾಂ, ಅಂದರೆ ಗ್ಲೂಕೋಸ್ ಮಾತ್ರೆ ಅಥವಾ ಸುಮಾರು ಅರ್ಧ ಲೋಟ ಹಣ್ಣಿನ ರಸ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ ಸಾಕು, ವೈದ್ಯರು ಬರೆಯುತ್ತಾರೆ. ಪರೀಕ್ಷಿಸುವ ಸಾಧನ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರದೆ ಸಕ್ಕರೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಮಗುವನ್ನು ಒಂಟಿಯಾಗಿ ಆಫೀಸಿಗೆ ಕಳಿಸಬೇಡಿ, ದಾರಿಯಲ್ಲೇ ಕುಸಿಯಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಔಷಧಿ ಬರೆದುಕೊಟ್ಟಿದ್ದರೆ ಅದು, ಮತ್ತು ಆಂಬುಲೆನ್ಸ್. ಊಟದ ಇನ್ಸುಲಿನ್ ಅನ್ನು ಊಟ ಮಗುವಿನ ಕಣ್ಣೆದುರು ಬಂದ ಮೇಲೆಯೇ ಚುಚ್ಚುವುದು ಶಾಲೆಯಲ್ಲಿ ಒಳ್ಳೆಯ ರೂಢಿ. ಮೊದಲೇ ಚುಚ್ಚಿ ಅಂದು ಊಟ ತಡವಾದರೆ ಇನ್ಸುಲಿನ್ ಕಾಯುವುದಿಲ್ಲ. ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಗೆ ಹಾಕಬೇಕು, ಕಸದ ಬುಟ್ಟಿಗಲ್ಲ.

ಎಂದಿನಂತಲ್ಲದ ದಿನಗಳು

ವ್ಯವಸ್ಥೆ ಮುರಿದು ಬೀಳುವುದು ಪ್ರವಾಸ, ಕ್ರೀಡಾಕೂಟ, ಪರೀಕ್ಷೆ, ಅರ್ಧ ದಿನದ ಶಾಲೆಗಳಲ್ಲಿ. ಔಷಧಿ ಬೀರುವಿನಲ್ಲಿರುತ್ತದೆ, ಮಗು ಬಸ್ಸಿನಲ್ಲಿರುತ್ತದೆ. ಪ್ರವಾಸದ ಒಪ್ಪಿಗೆ ಚೀಟಿಗೆ ಸಹಿ ಹಾಕುವ ದಿನವೇ ಔಷಧಿ ಯಾರ ಚೀಲದಲ್ಲಿ ಬರುತ್ತದೆ, ಸೂಚನೆಯ ಹಾಳೆಯ ನಕಲು ಜೊತೆಗಿದೆಯೇ ಎಂದು ಕೇಳಿ. ತುರ್ತು ಔಷಧಿ ಇರುವ ಶಿಕ್ಷಕರ ಗುಂಪಿನಲ್ಲೇ ಮಗು ಇರಬೇಕು. ಅದು ಬಸ್ಸಿನ ಸೀಟಿನ ಮೇಲೋ, ಬಿಸಿಲಲ್ಲಿ ನಿಂತ ವಾಹನದೊಳಗೋ ಉಳಿಯಬಾರದು. ಮೂರು ಗಂಟೆಯ ಪರೀಕ್ಷೆಯ ನಡುವೆ ಡೋಸ್ ಅಥವಾ ಸಕ್ಕರೆ ಪರೀಕ್ಷೆ ಬರುವುದಾದರೆ ಹೊರಗೆ ಹೋಗಿಬರಲು ಅನುಮತಿಯನ್ನು ಮೊದಲೇ ಬರೆಸಿ ಪಡೆಯಿರಿ.

ದೊಡ್ಡ ಮಕ್ಕಳು ಇನ್‌ಹೇಲರ್, ಅಡ್ರಿನಲಿನ್ ಪೆನ್, ಇನ್ಸುಲಿನ್ ತಾವೇ ಇಟ್ಟುಕೊಳ್ಳುವುದು ಒಳ್ಳೆಯದೇ. ವಯಸ್ಸನ್ನು ನೋಡಿ ತೀರ್ಮಾನಿಸಬೇಡಿ. ಲಕ್ಷಣವನ್ನು ತಾನೇ ಗುರುತಿಸುತ್ತದೆಯೇ, ನಿಮ್ಮ ಎದುರು ಸರಿಯಾಗಿ ಬಳಸಿ ತೋರಿಸುತ್ತದೆಯೇ, ಗೆಳೆಯರಿಗೆ ಕೊಡುವುದಿಲ್ಲವೇ, ಬಳಸಿದ ಮೇಲೆ ದೊಡ್ಡವರಿಗೆ ಹೇಳುತ್ತದೆಯೇ ಎಂದು ನೋಡಿ. ನಾಲ್ಕಕ್ಕೂ ಹೌದಾದರೂ ಆಫೀಸಿನಲ್ಲಿ ಇನ್ನೊಂದು ಜೊತೆ ಇರಲಿ.

ಬದಲಾವಣೆ ಮತ್ತು ವಾಪಸಾತಿ

ವೈದ್ಯರು ಪ್ರಮಾಣ ಬದಲಿಸಿದರೆ ಹೊಸ ಪತ್ರ, ಹೊಸ ಚೀಟಿಯ ಬಾಟಲಿ ಎರಡೂ ಶಾಲೆಗೆ ತಲುಪಬೇಕು, ಹಳೆಯದು ಅಂದೇ ಅಲ್ಲಿಂದ ಹೊರಬರಬೇಕು. ಫೋನಿನಲ್ಲಿ "ಇವತ್ತಿನಿಂದ ಒಂದೂವರೆ ಕೊಡಿ" ಎಂದು ಹೇಳಬೇಡಿ, ಶಾಲೆಯವರೂ ಅದನ್ನು ಒಪ್ಪಿಕೊಳ್ಳಬಾರದು. ಮಕ್ಕಳ ಎಷ್ಟೋ ಔಷಧಿಗಳ ಲೆಕ್ಕ ತೂಕದ ಮೇಲೆ ನಿಂತಿದೆ. ಕಳೆದ ವರ್ಷದ ಪತ್ರದಲ್ಲಿ 18 ಕೆ.ಜಿ. ಇದ್ದ ಮಗು ಈಗ 22 ಇರಬಹುದು, ಆಗ ಕಳೆದ ವರ್ಷದ ಪ್ರಮಾಣ ಸಾಕಾಗುವುದಿಲ್ಲ. ಆದ್ದರಿಂದ ಪ್ರತಿ ಶಾಲಾ ವರ್ಷದ ಆರಂಭಕ್ಕೆ ಹೊಸ ತೂಕ, ಹೊಸ ಪತ್ರ, ಹೊಸ ಫೋಟೋ.

ಶಾಲೆಯಲ್ಲಿರುವ ಪ್ರತಿಯೊಂದರ ಅವಧಿ ಮುಗಿಯುವ ದಿನಾಂಕವನ್ನು ನಿಮ್ಮ ಫೋನಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚೆಯೇ ನೆನಪಿಸುವಂತೆ ಹಾಕಿ. ತುರ್ತು ಔಷಧಿ ಎಂದರೆ ವರ್ಷಗಟ್ಟಲೆ ಬಳಸದೆ ಕೂತಿರುವಂಥದ್ದು, ಅವಧಿ ಮೀರಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ವರ್ಷದ ಕೊನೆಯ ದಿನ ಉಳಿದದ್ದನ್ನು ಎಣಿಸಿ, ಸಹಿ ಹಾಕಿ, ನೀವೇ ಹೋಗಿ ವಾಪಸ್ ತನ್ನಿ. ಬೇಡವಾದದ್ದನ್ನು ಶೌಚಕ್ಕೆ ಸುರಿಯದೆ ಔಷಧ ಅಂಗಡಿಯವರು ವಾಪಸ್ ಪಡೆಯುತ್ತಾರೆಯೇ ಎಂದು ವಿಚಾರಿಸಿ ಅಲ್ಲಿಗೇ ಒಪ್ಪಿಸಿ.